ಎಸಿ ಗ್ಯಾಸ್ ಖಾಲಿ ಆಗಲ್ಲ ಮಾರಾಯ್ರೆ! (ಯಂತ್ರಗಳ ಕಥೆ, ಭಾಗ 3)

ಎಸಿ ತಂಪು ಮಾಡ್ತಿಲ್ಲ ಅಂದ ತಕ್ಷಣ ಕೇಳೋ ಮಾತು: "ಗ್ಯಾಸ್ ಖಾಲಿ, ತುಂಬಿಸ್ಬೇಕು." ಖಾಲಿ ಆಗೋಕೆ ಅದೇನು ಅಡುಗೆ ಸಿಲಿಂಡರಾ? ಎಸಿ ಗ್ಯಾಸ್ ಮುಚ್ಚಿದ ಪೈಪಿನೊಳಗೆ ಒಮ್ಮೆ ದ್ರವ, ಒಮ್ಮೆ ಆವಿಯಾಗಿ ಸುತ್ತುತ್ತಲೇ ಇರುತ್ತೆ. ನಮ್ಮ ಬಿಕಾಂ ಭಾಷೇಲಿ ಅದು ಸ್ಥಿರ ಆಸ್ತಿ, ತಿಂಗಳ ಖರ್ಚಲ್ಲ. ಕಮ್ಮಿ ಆಗಿದ್ರೆ ಎಲ್ಲೋ ಲೀಕ್ ಇದೆ. ಆ ಲೀಕ್ ಹುಡುಕೋದರ ಹಿಂದೆ ದೊಡ್ಡ ಕಥೆ ಇದೆ.

1920ರ ದಶಕದಲ್ಲಿ ಅಮೆರಿಕ, ಯುರೋಪಿನ ಫ್ರಿಜ್‌ಗಳಲ್ಲಿ ಇದ್ದದ್ದು ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್. ಮೊದಲೆರಡು ಲೀಕಾದ್ರೆ ಮೂಗೇ ಸೆನ್ಸರ್, ಅಷ್ಟು ಘಾಟು. ಮೀಥೈಲ್ ಕ್ಲೋರೈಡ್ ವಾಸನೆ ಅಷ್ಟಾಗಿ ಗೊತ್ತಾಗಲ್ಲ. ಮಲಗಿದ್ದವರು ಮಲಗಿದ್ದಲ್ಲೇ ಸಾಯ್ತಿದ್ರು. ಬರ್ಲಿನ್‌ನಲ್ಲಿ ಫ್ರಿಜ್ ಲೀಕಾಗಿ ಒಂದು ಕುಟುಂಬ ಸತ್ತ ಸುದ್ದಿ ಓದಿ ಐನ್‌ಸ್ಟೈನ್ (ಹೌದು, ಅದೇ ಐನ್‌ಸ್ಟೈನ್!) ಲಿಯೋ ಸಿಲಾರ್ಡ್ ಜೊತೆ ಸೇರಿ ಹೊಸ ಫ್ರಿಜ್ ಮಾಡೋಕೆ ಹೊರಟ್ರು ಅಂತಾರೆ. ಅದರಲ್ಲಿ ಚಲಿಸೋ ಭಾಗವೇ ಇಲ್ಲ. ಹಾಗಾಗಿ ಸೀಲ್ ಸವೆಯಲ್ಲ, ಲೀಕಾಗಲ್ಲ. 1930ರಲ್ಲಿ ಅಮೆರಿಕದ ಪೇಟೆಂಟೂ ಸಿಕ್ತು. ಆದ್ರೆ ಅಂಗಡಿಗೆ ಬರಲೇ ಇಲ್ಲ.

ಅದೇ ವರ್ಷ ಥಾಮಸ್ ಮಿಡ್ಜ್ಲಿ ಅನ್ನೋರು ಅಮೆರಿಕದ ರಸಾಯನಶಾಸ್ತ್ರಜ್ಞರ ಸಭೇಲಿ ಹೊಸ ಗ್ಯಾಸೊಂದನ್ನು ಉಸಿರಲ್ಲಿ ಎಳ್ಕೊಂಡು ಮೇಣದಬತ್ತಿ ಮೇಲೆ ಊದಿದ್ರು. ಬತ್ತಿ ಆರಿತು, ಅವರಿಗೇನೂ ಆಗಲಿಲ್ಲ. ಅದೇ ಫ್ರಿಯಾನ್. ವಿಷ ಇಲ್ಲ, ಬೆಂಕಿ ಇಲ್ಲ. (ಪೆಟ್ರೋಲಿಗೆ ಸೀಸ ಬೆರೆಸಿದ ಮಹಾನುಭಾವರೂ ಇವರೇ.) ಆದ್ರೆ ವಾಸನೆ ಹೋಗಿ ಲೀಕ್ ಮೂಕ ಆಯ್ತು. ಆಮೇಲೆ ಮೆಕ್ಯಾನಿಕ್‌ಗಳು ಪುಟ್ಟ ಬರ್ನರ್ ಹಿಡಿದು ಪೈಪಿನುದ್ದಕ್ಕೂ ಹುಡುಕ್ತಿದ್ರು. ಕ್ಲೋರಿನ್ ಇರೋ ಗ್ಯಾಸ್ ಕಾದ ತಾಮ್ರಕ್ಕೆ ತಾಗಿದ್ರೆ ಜ್ವಾಲೆ ಹಸಿರಾಗುತ್ತೆ!

ಸೋರಿದ್ದೆಲ್ಲ ಎಲ್ಲಿಗೆ ಹೋಯ್ತು? 1971ರಲ್ಲಿ ಜೇಮ್ಸ್ ಲವ್‌ಲಾಕ್ ಬ್ರಿಟನ್‌ನಿಂದ ಅಂಟಾರ್ಕ್ಟಿಕಾ ಕಡೆ ಹೊರಟ ಹಡಗಲ್ಲಿ ಗಾಳಿ ಅಳೆದ್ರು. ನಡುಸಮುದ್ರದಲ್ಲೂ ಫ್ರಿಯಾನ್ ಕುಟುಂಬದ ಗ್ಯಾಸ್! ಫ್ರಿಜ್, ಎಸಿ, ಸ್ಪ್ರೇ ಡಬ್ಬಿಗಳಿಂದ ಹೋದದ್ದು ಹಾಗೇ ಉಳಿದಿತ್ತು. ಅದರ ಕ್ಲೋರಿನ್ ಓಝೋನ್ ಪದರ ನಾಶಮಾಡುತ್ತೆ ಅಂತ 1974ರಲ್ಲಿ ಮೊಲಿನಾ, ರೋಲ್ಯಾಂಡ್ ಹೇಳಿದ್ರು. 1985ರಲ್ಲಿ ಓಝೋನ್ ರಂಧ್ರದ ವರದಿ, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ.

ಈಗ ಮನೆ ಎಸಿಗಳಲ್ಲಿ ಹೆಚ್ಚಾಗಿ ಬರೋ ಆರ್-32ರಲ್ಲಿ ಕ್ಲೋರಿನ್ ಇಲ್ಲ, ಜ್ವಾಲೆ ಹಸಿರಾಗಲ್ಲ. ಅದು ಸ್ವಲ್ಪ ಉರಿಯೋ ಗ್ಯಾಸ್ ಬೇರೆ, ಬೆಂಕಿ ಹಿಡಿದು ಹುಡುಕೋ ಹಾಗೇ ಇಲ್ಲ! ನೈಟ್ರೋಜನ್ ಪ್ರೆಷರ್ ಕೊಟ್ಟು, ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡ್ತಾರೆ.

ಕೆಲವು ಸಲ ಲೀಕೇ ಇರಲ್ಲ. ಕೋಣೆಯ ಬಿಸಿ ಅಳೆಯೋ ಥರ್ಮಿಸ್ಟರ್ ಕೆಟ್ಟು "ಇಲ್ಲಿ ಚಳಿ" ಅಂತ ಸುಳ್ಳು ಹೇಳಿದ್ರೆ ಕಂಪ್ರೆಸರ್ ನಿಲ್ಲುತ್ತೆ. ಮಲ್ಟಿಮೀಟರ್ ಇಟ್ರೆ ಎರಡು ನಿಮಿಷದ ಕೆಲಸ. ಎಷ್ಟೋ ಮಾಡೆಲ್‌ಗಳಲ್ಲಿ 25 ಡಿಗ್ರಿಗೆ ಸುಮಾರು 10 ಕಿಲೋ ಓಮ್ ತೋರಿಸಬೇಕು.

ಹಾಗಾಗಿ ದುಡ್ಡು ಕೊಡೋ ಮೊದಲು "ಅಣ್ಣಾ, ಲೀಕ್ ಎಲ್ಲಿದೆ ತೋರಿಸಿ" ಅಂತ ಕೇಳಿ. ಸರಿ ಮಾಡದೆ ತುಂಬಿಸಿದ್ದು ಮತ್ತೆ ಗಾಳಿಗೇ ಹೋಗುತ್ತೆ. ಒಂದು ಕೆಜಿ ಆರ್-32 ಅಂದ್ರೆ, 100 ವರ್ಷದ ಲೆಕ್ಕದಲ್ಲಿ, ಸುಮಾರು 675 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ.

#ಯಂತ್ರಗಳಕಥೆ #ಕನ್ನಡದಲ್ಲಿಇತಿಹಾಸ