ಮನೆಯ ಹೈನು ಮತ್ತು ಅದರ ಸಲಕರಣೆಗಳು: ಒಂದು ಐತಿಹಾಸಿಕ ಅವಲೋಕನ

ಹಾಲು ಅಲ್ಪಾಯುಷಿಯಾದ ಪದಾರ್ಥ. ಕರೆದ ಕೆಲವೇ ಗಂಟೆಗಳಲ್ಲಿ ಅದು ಹುಳಿಯತ್ತ ಸಾಗುತ್ತದೆ. ಕನ್ನಡ ನಾಡಿನ ಗೃಹಿಣಿ ಆ ಹುಳಿಯನ್ನೇ ಹೆಪ್ಪಿನಿಂದ ಹತೋಟಿಗೆ ತಂದು ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪಗಳ ಕ್ರಮವನ್ನು ರೂಢಿಸಿದಳು. ಗಡಿಗೆ, ಕಡೆಗೋಲು, ಹಗ್ಗ, ನೆಲವು ಇವೇ ಆಕೆಯ ಸಲಕರಣೆಗಳು. ಯುರೋಪಿನ ಗೃಹಿಣಿಯಾದರೋ ಹಾಲಿನ ನೀರನ್ನು ಬಸಿದು, ಉಳಿದ ಗಟ್ಟಿಭಾಗವನ್ನು ಚೀಸಿನ ರೂಪದಲ್ಲಿ ತಿಂಗಳುಗಟ್ಟಲೆ ಕಾದಿರಿಸಿದಳು. ಇಂದು ಮನೆಯಲ್ಲಿ ಅಲ್ಪಪ್ರಮಾಣದ ಹೈನನ್ನು ಕೈಗೊಳ್ಳುವವರು ಯಾವ ಸಲಕರಣೆಯನ್ನು ಆರಿಸಬೇಕೆಂಬ ಪ್ರಶ್ನೆಗೆ ಚೀಸಿನ ಇತಿಹಾಸದಲ್ಲಿಯೇ ಉತ್ತರವಿದೆ.

ಪೋಲೆಂಡಿನ ಕುಯಾವಿ ಪ್ರದೇಶದಲ್ಲಿ ರಂಧ್ರಗಳುಳ್ಳ ಮಡಕೆಯ ಚೂರುಗಳು ದೊರೆತಿದ್ದವು. ಅವು ಚೀಸ್ ಬಸಿಯುವ ಜರಡಿಗಳಿರಬೇಕೆಂದು ಪೀಟರ್ ಬೊಗುಸ್ಕಿ ಎಂಬ ವಿದ್ವಾಂಸರು 1984ರಲ್ಲಿ ಊಹಿಸಿದರು. ಆ ಚೂರುಗಳಲ್ಲಿ ಹಾಲಿನ ಕೊಬ್ಬಿನ ಅಂಶವಿರುವುದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ತೋರಿಸಿ, ಆ ಊಹೆಯನ್ನು ದೃಢಪಡಿಸಿದರು. ಸುಮಾರು 7000 ವರ್ಷಗಳ ಹಿಂದಿನ ಈ ಮಣ್ಣಿನ ಜರಡಿಯೇ ತಿಳಿದಿರುವ ಚೀಸ್ ಸಲಕರಣೆಗಳಲ್ಲಿ ಅತಿ ಪ್ರಾಚೀನವಾದವುಗಳಲ್ಲೊಂದು. ನೀರು ಬಸಿದುಹೋಗಬೇಕು, ಗಟ್ಟಿ ಉಳಿಯಬೇಕು ಎಂಬುದು ಅದು ಕಲಿಸುವ ಮೊದಲ ಪಾಠ.

ಕ್ರಿ. ಶ. ಒಂದನೆಯ ಶತಮಾನದ ರೋಮನ್ ಗ್ರಂಥಕಾರ ಕೊಲುಮೆಲ್ಲ ತನ್ನ ಕೃಷಿಗ್ರಂಥದಲ್ಲಿ ಎರಡನೆಯ ಪಾಠವನ್ನು ಹೇಳುತ್ತಾನೆ. ಹಾಲಿನ ಪಾತ್ರೆ ಬೆಂಕಿಯ ಸಮೀಪದಲ್ಲಿರಬೇಕು, ಉರಿ ಮಾತ್ರ ಅದಕ್ಕೆ ತಾಗಬಾರದು. ಹಾಲು ಗಟ್ಟಿಯಾದೊಡನೆ ಅದನ್ನು ಹೆಣೆದ ಬುಟ್ಟಿಗೋ ಅಚ್ಚಿಗೋ ಸುರಿದು, ಬಳಿಕ ಭಾರವನ್ನು ಹೇರಬೇಕು. ಹಾಲನ್ನು ಒಡೆಯಿಸಲು ಕುರಿಮರಿಯ ಜಠರದ ರೆನ್ನೆಟ್ ಅಲ್ಲದೆ ಅಂಜೂರದ ಹಾಲನ್ನೂ ಕುಸುಬೆಯ ಬೀಜವನ್ನೂ ಆತ ಹೆಸರಿಸುತ್ತಾನೆ. ಉತ್ತರ ಕರ್ನಾಟಕದ ಹೊಲಗಳಿಗೆ ಚಿರಪರಿಚಿತವಾದ ಕುಸುಬೆ ಅಲ್ಲಿ ಹೆಪ್ಪಿನ ಸ್ಥಾನ ಪಡೆದಿರುವುದು ಗಮನಾರ್ಹ.

ಶಾಖದ ಈ ಅಂದಾಜಿಗೆ ಖಚಿತತೆ ಬಂದುದು 19ನೆಯ ಶತಮಾನದಲ್ಲಿ. ಇಂಗ್ಲೆಂಡಿನ ಸಾಮರ್ಸೆಟ್ಟಿನ ಜೋಸೆಫ್ ಹಾರ್ಡಿಂಗ್ (1805–1876) ಚೆಡ್ಡರ್ ಚೀಸಿಗೆ ನಿಯತವಾದ ಶಾಖವನ್ನೂ ಕಟ್ಟುನಿಟ್ಟಾದ ಶುಚಿತ್ವವನ್ನೂ ವಿಧಿಸಿದನು. ರೆನ್ನೆಟ್ ಬೆರೆಸುವಾಗ ಚೆಡ್ಡರಿನ ಹಾಲು ಸುಮಾರು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಬೇಕು. ಶಾಖ 60 ಡಿಗ್ರಿಯ ಸಮೀಪಕ್ಕೆ ಏರಿದರೆ ರೆನ್ನೆಟ್ಟಿನ ಶಕ್ತಿಯೇ ನಾಶವಾಗುತ್ತದೆ. ಆದುದರಿಂದ ಉಷ್ಣಮಾಪಕವು ಅಲಂಕಾರವಲ್ಲ, ಅವಶ್ಯಕತೆ.

ಅದೇ ಶತಮಾನದಲ್ಲಿ ಈ ವಿದ್ಯೆ ಮನೆಯಿಂದ ದೂರವಾಗತೊಡಗಿತು. 1851ರಲ್ಲಿ ನ್ಯೂಯಾರ್ಕ್ ಪ್ರಾಂತದ ರೋಮ್ ಪಟ್ಟಣದ ಬಳಿ ಜೆಸ್ಸಿ ವಿಲಿಯಮ್ಸ್ ನೆರೆಹೊರೆಯ ಹಾಲನ್ನು ಒಟ್ಟುಗೂಡಿಸಿ ಚೀಸ್ ಕಾರ್ಖಾನೆಯನ್ನು ಆರಂಭಿಸಿದನು. 1878ರಲ್ಲಿ ಸ್ವೀಡನ್ನಿನ ಗುಸ್ಟಾಫ್ ದೆ ಲಾವಾಲ್ ಕೆನೆ ಬೇರ್ಪಡಿಸುವ ಯಂತ್ರವನ್ನು ರೂಪಿಸಿದನು. ಅಗಲವಾದ ತಟ್ಟೆಗಳಲ್ಲಿ ಗಂಟೆಗಟ್ಟಲೆ ಹಾಲನ್ನಿಟ್ಟು ಕೆನೆಗಾಗಿ ಕಾಯುವ ಶ್ರಮ ತಪ್ಪಿತು. ಆದರೆ ತಲೆಮಾರುಗಳಿಂದ ಹೆಂಗಸರ ಕೈಯಲ್ಲಿದ್ದ ಕುಶಲತೆಯೂ ಆದಾಯವೂ ಬಹುಮಟ್ಟಿಗೆ ಕಾರ್ಖಾನೆಯ ಪಾಲಾದುವು.

ಪಾತ್ರೆಯ ಲೋಹದ ವಿಚಾರವೂ ಅಷ್ಟೇ ಮುಖ್ಯ. ಹುಳಿಹಾಲು ತಾಮ್ರ, ಹಿತ್ತಾಳೆಗಳಲ್ಲಿ ಕಿಲುಬು ಹಿಡಿಯುತ್ತದೆ. ಕಲಾಯಿ ಹಾಕಿಸುವ ಪದ್ಧತಿ ಬಂದುದು ಇದಕ್ಕಾಗಿಯೇ. ಹುಳಿಯು ಅಲ್ಯುಮಿನಿಯಮನ್ನೂ ತಿನ್ನುತ್ತದೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿಯ ಪ್ರಯೋಗಗಳಿಂದ ಬೆಳಕಿಗೆ ಬಂದ ತುಕ್ಕುಹಿಡಿಯದ ಉಕ್ಕು ಈ ತೊಡಕನ್ನು ನೀಗಿತು.

ಹೀಗೆ ಬಸಿಯುವ ರಂಧ್ರ, ಹದವಾದ ಶಾಖ, ತೊಳೆದರೆ ಶುಚಿಯಾಗುವ ಮೈ, ಈ ಮೂರೇ ಸಲಕರಣೆಯ ಲಕ್ಷಣಗಳು. ಹತ್ತು ಲೀಟರು ಹಸುವಿನ ಹಾಲಿನಿಂದ ದೊರೆಯುವ ಗಟ್ಟಿ ಚೀಸು ಸುಮಾರು ಒಂದು ಕಿಲೋ ಮಾತ್ರ. ಒಂದೆರಡು ಹಸುಗಳುಳ್ಳ ಮನೆಗೆ ದಪ್ಪ ತಳದ ಉಕ್ಕಿನ ಪಾತ್ರೆ, ಉಷ್ಣಮಾಪಕ, ಉದ್ದನೆಯ ಚೂರಿ, ಬಿಳಿಯ ಬಟ್ಟೆ, ತೂತುಳ್ಳ ಅಚ್ಚು, ಭಾರಕ್ಕೊಂದು ಕಲ್ಲು ಸಾಕು. ಯಂತ್ರವನ್ನು ಕೊಳ್ಳುವ ಮೊದಲು ಮನೆಯ ಹಾಲನ್ನು ಅಳೆಯುವುದು ವಿವೇಕ. ಹಾಲಿಗೆ ತಕ್ಕ ಪಾತ್ರೆಯನ್ನು ಆರಿಸಿದ ಮನೆಯಲ್ಲಿ ಈ ವಿದ್ಯೆ ಉಳಿಯುತ್ತದೆ. ಪಾತ್ರೆಗಾಗಿ ಸಾಲ ಮಾಡಿದ ಮನೆಯಲ್ಲಿ ಹಸುವೂ ಉಳಿಯುವುದು ಕಷ್ಟ.