ಬರ್ನಾ ಬಾಯ್ ಚೊಚ್ಚಲ ಆಲ್ಬಂ ‘ಲೈಫ್’: ಆಫ್ರೋಬೀಟ್ಸ್, ಡ್ಯಾನ್ಸ್‌ಹಾಲ್ ಸಂಗಮ

ನೈಜೀರಿಯಾದ ಗಾಯಕ ಬರ್ನಾ ಬಾಯ್ ಅವರ ಚೊಚ್ಚಲ ಆಲ್ಬಂ ‘ಲೈಫ್’ 2013ರ ಆಗಸ್ಟ್ 12ರಂದು ಬಿಡುಗಡೆಯಾಯಿತು. ಪಶ್ಚಿಮ ಆಫ್ರಿಕದ ಆಫ್ರೋಬೀಟ್ಸ್ ಹಾಗೂ ಕೆರಿಬಿಯನ್ ದ್ವೀಪರಾಷ್ಟ್ರ ಜಮೈಕಾದ ಡ್ಯಾನ್ಸ್‌ಹಾಲ್ ಶೈಲಿಗಳನ್ನು ಒಂದೇ ಎಳೆಯಲ್ಲಿ ಹೊಸೆದ ಈ ಆಲ್ಬಂ ಹೊರಬಂದಾಗ ಗಾಯಕನಿಗೆ 22 ವರ್ಷ. ಎಂಟು ವರ್ಷ ತುಂಬುವುದರೊಳಗೆ, ಅಂದರೆ 2021ರ ಮಾರ್ಚ್‌ನಲ್ಲಿ, ಅವರು ‘ಟ್ವೈಸ್ ಆ್ಯಸ್ ಟಾಲ್’ ಆಲ್ಬಂಗಾಗಿ ಗ್ರ್ಯಾಮಿ ಪ್ರಶಸ್ತಿಯನ್ನು ಮುಡಿಗೇರಿಸಿಕೊಂಡರು.

ಭಾರತದ ಶ್ರೋತೃಗಳಿಗೂ ಈ ಕಂಠ ಅಪರಿಚಿತವಲ್ಲ. ಹತ್ಯೆಗೀಡಾದ ಪಂಜಾಬಿ ಗಾಯಕ ಸಿಧು ಮೂಸೆವಾಲಾ ಅವರ ‘ಮೇರಾ ನಾ’ ಗೀತೆ 2023ರ ಏಪ್ರಿಲ್‌ನಲ್ಲಿ ಬಿಡುಗಡೆಯಾದಾಗ ಅದರಲ್ಲಿ ಬರ್ನಾ ಬಾಯ್ ದನಿಗೂಡಿಸಿದ್ದರು. ಆದರೆ ಅವರ ಸಂಗೀತದ ಬುನಾದಿ ಬಿದ್ದದ್ದು ಮೊದಲ ಆಲ್ಬಂನಲ್ಲಿ. ಪರದೇಶದ ಲಯವೊಂದನ್ನು ಎರವಲು ಪಡೆದ ಯುವಕನೊಬ್ಬ ಅದನ್ನು ತನ್ನದಾಗಿಸಿಕೊಂಡ ಬಗೆಯನ್ನು ಅರಿಯಲು ಈ ಆಲ್ಬಂ ಉತ್ತಮ ನಿದರ್ಶನ.

ಗಾಯಕನ ಹಿನ್ನೆಲೆ

ಬರ್ನಾ ಬಾಯ್ ಅವರ ನಿಜನಾಮ ಡ್ಯಾಮಿನಿ ಒಗುಲು. ಜನನ 1991ರ ಜುಲೈ 2ರಂದು, ನೈಜೀರಿಯಾದ ದಕ್ಷಿಣ ತುದಿಯ ತೈಲನಗರಿ ಪೋರ್ಟ್ ಹಾರ್ಕೋರ್ಟ್‌ನಲ್ಲಿ. ತಾಯಿಯ ತಂದೆ ಬೆನ್ಸನ್ ಇಡೋನಿಜೆ ಹೆಸರಾಂತ ಪ್ರಸಾರಕರು ಹಾಗೂ ಸಂಗೀತ ವಿಮರ್ಶಕರು. ಆಫ್ರಿಕದ ಮಹಾನ್ ಸಂಗೀತಗಾರ ಫೆಲಾ ಕೂಟಿ ಅವರ ಮೊದಲ ವ್ಯವಸ್ಥಾಪಕರೂ ಅವರೇ. ತಾಯಿ ಬೋಸ್ ಒಗುಲು ಮುಂದೆ ಮಗನ ವ್ಯವಸ್ಥಾಪಕಿಯಾದರು.

ಶಾಲಾ ದಿನಗಳಲ್ಲಿಯೇ ಸಹಪಾಠಿಯೊಬ್ಬ ಕೊಟ್ಟ ‘ಫ್ರೂಟಿಲೂಪ್ಸ್’ ಎಂಬ ಕಂಪ್ಯೂಟರ್ ತಂತ್ರಾಂಶದಲ್ಲಿ ತಾಳಗಳನ್ನು ಜೋಡಿಸಲು ಕಲಿತ ಡ್ಯಾಮಿನಿ, ಉನ್ನತ ವ್ಯಾಸಂಗಕ್ಕೆಂದು ಬ್ರಿಟನ್‌ಗೆ ತೆರಳಿದರು. ಓದನ್ನು ಅರ್ಧಕ್ಕೇ ಬಿಟ್ಟು ಹುಟ್ಟೂರಿಗೆ ಮರಳಿ, ಅಲ್ಲಿನ ಎಫ್.ಎಂ. ಕೇಂದ್ರವೊಂದರಲ್ಲಿ ತರಬೇತಿ ಪಡೆದರು. ಅದೇ ಊರಿನ ಯುವ ಸಂಗೀತ ಸಂಯೋಜಕ ಲೆರಿಕ್ ಅವರೊಡನೆ ಕೂಡಿ ಹಾಡು ಕಟ್ಟಲಾರಂಭಿಸಿದರು. ಪಿರಿಯೆ ಇಸೋಕ್ರಾರಿ ಸ್ಥಾಪಿಸಿದ ಅರಿಸ್ಟೊಕ್ರ್ಯಾಟ್ ರೆಕಾರ್ಡ್ಸ್ ಸಂಸ್ಥೆ ಇಬ್ಬರಿಗೂ ವೇದಿಕೆಯಾಯಿತು. ನೈಜೀರಿಯಾದ ಸಂಗೀತೋದ್ಯಮವೆಲ್ಲ ಲಾಗೋಸ್ ಮಹಾನಗರದಲ್ಲಿ ಕೇಂದ್ರೀಕೃತವಾಗಿದ್ದ ಕಾಲದಲ್ಲಿ, ಹೊರ ಊರಿನ ತಂಡವೊಂದು ಗಮನ ಸೆಳೆದದ್ದು ಸಣ್ಣ ಸಂಗತಿಯೇನಲ್ಲ.

ಆಫ್ರೋಬೀಟ್ ಬೇರೆ, ಆಫ್ರೋಬೀಟ್ಸ್ ಬೇರೆ

ಈ ಎರಡು ಪದಗಳು ಅನೇಕರಲ್ಲಿ ಗೊಂದಲ ಮೂಡಿಸುತ್ತವೆ. ‘ಆಫ್ರೋಬೀಟ್’ ಎಂಬುದು ಫೆಲಾ ಕೂಟಿ ಹಾಗೂ ಅವರ ಡ್ರಮ್ ವಾದಕ ಟೋನಿ ಅಲೆನ್ 1960ರ ದಶಕದ ಕೊನೆಯಲ್ಲಿ ಮತ್ತು 1970ರ ದಶಕದಲ್ಲಿ ರೂಪಿಸಿದ ಶೈಲಿ. ಹತ್ತಿಪ್ಪತ್ತು ನಿಮಿಷ ಸಾಗುವ ದೀರ್ಘ ರಚನೆ, ತುತ್ತೂರಿ, ಸ್ಯಾಕ್ಸೋಫೋನ್‌ಗಳ ಮೇಳ, ಸೈನಿಕ ಆಡಳಿತವನ್ನು ನೇರವಾಗಿ ಪ್ರಶ್ನಿಸುವ ಸಾಹಿತ್ಯ ಅದರ ಲಕ್ಷಣ. ಫೆಲಾ 1997ರಲ್ಲಿ ನಿಧನರಾದರು.

‘ಆಫ್ರೋಬೀಟ್ಸ್’ ಎಂಬ ಬಹುವಚನ ರೂಪ 2010ರ ಆಸುಪಾಸಿನಲ್ಲಿ ಬ್ರಿಟನ್‌ನಲ್ಲಿ ರೂಢಿಗೆ ಬಂತು. ನೈಜೀರಿಯಾ, ಘಾನಾಗಳ ಕಂಪ್ಯೂಟರ್ ಯುಗದ ಜನಪ್ರಿಯ ಹಾಡುಗಳಿಗೆಲ್ಲ ಇದು ಒಟ್ಟು ಹೆಸರು. ಮೂರು ನಾಲ್ಕು ನಿಮಿಷದ ಹಾಡು, ಕುಣಿತಕ್ಕೆ ಹೊಂದುವ ಲಯ, ಪಿಜಿನ್ ಇಂಗ್ಲಿಷ್‌ನೊಡನೆ ಯೊರುಬಾ, ಇಗ್ಬೊ ನುಡಿಗಳ ಬೆರಕೆ ಇದರ ಗುರುತು. 2012ರಲ್ಲಿ ಡಿಬಾಂಜ್ ಅವರ ‘ಆಲಿವರ್ ಟ್ವಿಸ್ಟ್’ ಬ್ರಿಟನ್‌ನ ಮೊದಲ ಹತ್ತು ಜನಪ್ರಿಯ ಹಾಡುಗಳಲ್ಲಿ ಸ್ಥಾನ ಪಡೆದ ನಂತರ ಈ ಹೆಸರು ಜಗತ್ತಿಗೆ ಪರಿಚಿತವಾಯಿತು.

ಡ್ಯಾನ್ಸ್‌ಹಾಲ್ ಎಂದರೇನು?

ಬಾಬ್ ಮಾರ್ಲಿ ಅವರಿಂದ ವಿಶ್ವವಿಖ್ಯಾತವಾದ ರೆಗೆ ಸಂಗೀತದ ಮುಂದಿನ ಪೀಳಿಗೆಯೇ ಡ್ಯಾನ್ಸ್‌ಹಾಲ್. 1970ರ ದಶಕದ ಕೊನೆಯಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ ರೂಪುಗೊಂಡಿತು. ಬಯಲಿನಲ್ಲಿ ಆಳೆತ್ತರದ ಧ್ವನಿವರ್ಧಕಗಳನ್ನು ಒಟ್ಟಿ, ಹಾಡಿನ ವಾದ್ಯಭಾಗವನ್ನಷ್ಟೇ ನುಡಿಸಿ, ಅದರ ಮೇಲೆ ಕಲಾವಿದರು ಮಾತು–ಹಾಡು ಬೆರೆಸಿ ಲಯಬದ್ಧವಾಗಿ ನುಡಿಯುವುದು ಇದರ ರೀತಿ. ಈ ವಾದ್ಯಭಾಗಕ್ಕೆ ಅಲ್ಲಿ ‘ರಿಡಿಂ’ ಎನ್ನುತ್ತಾರೆ.

ಒಂದೇ ರಿಡಿಂ ಮೇಲೆ ಹತ್ತಾರು ಗಾಯಕರು ಬೇರೆ ಬೇರೆ ಹಾಡು ಕಟ್ಟುವುದು ವಾಡಿಕೆ. ಕನ್ನಡಿಗರಿಗೆ ಇದು ಹೊಸದಲ್ಲ. ನಮ್ಮ ಭಜನೆ ಪುಸ್ತಕಗಳಲ್ಲಿ, ವೃತ್ತಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪದ್ಯದ ಮೇಲೆ ‘ಧಾಟಿ’ ಎಂದು ಜನಪ್ರಿಯ ಹಾಡೊಂದರ ಹೆಸರು ಮುದ್ರಿಸುವ ಪದ್ಧತಿಯಿತ್ತು. ಧಾಟಿ ಒಂದೇ, ಪದ ಬೇರೆ. ಜಮೈಕಾದ ರಿಡಿಂ ಕೂಡ ಬಹುಮಟ್ಟಿಗೆ ಇದೇ ತತ್ವವನ್ನು ಅನುಸರಿಸುತ್ತದೆ. 1985ರಲ್ಲಿ ನಿರ್ಮಾಪಕ ಕಿಂಗ್ ಜಾಮಿ ಹೊರತಂದ ‘ಸ್ಲೆಂಗ್ ಟೆಂಗ್’ ರಿಡಿಂ ಒಂದು ಅಗ್ಗದ ಕ್ಯಾಸಿಯೊ ಕೀಬೋರ್ಡ್‌ನಲ್ಲಿ ಮೊದಲೇ ಅಡಕವಾಗಿದ್ದ ತಾಳದಿಂದ ಹುಟ್ಟಿದ್ದು. ಅದರ ಮೇಲೆ ನೂರಾರು ಹಾಡುಗಳು ಬಂದವು. ಡ್ಯಾನ್ಸ್‌ಹಾಲ್ ಗಣಕೀಕೃತ ಸಂಗೀತವಾದದ್ದು ಅಂದಿನಿಂದ.

ಎಣಿಕೆಯ ಗುಟ್ಟು

ಈ ಎರಡು ಶೈಲಿಗಳು ಸಲೀಸಾಗಿ ಬೆರೆಯಲು ಕಾರಣ ಲಯದ ಎಣಿಕೆಯಲ್ಲಿದೆ. ಭಜನೆಗೆ ತಬಲಾ ನುಡಿಸುವವರು ಬಳಸುವ ಕೆಹರ್ವಾ ತಾಳದಲ್ಲಿ ಎಂಟು ಮಾತ್ರೆಗಳು, ವಿಭಾಗ ನಾಲ್ಕು–ನಾಲ್ಕು. ಡ್ಯಾನ್ಸ್‌ಹಾಲ್ ಅದೇ ಎಂಟನ್ನು ಮೂರು–ಮೂರು–ಎರಡು ಎಂದು ಒಡೆಯುತ್ತದೆ. ಪೆಟ್ಟು ನಿರೀಕ್ಷಿಸಿದ ಜಾಗದಲ್ಲಿ ಬೀಳದೆ ಪಕ್ಕಕ್ಕೆ ಸರಿಯುವುದರಿಂದ ದೇಹ ತಾನಾಗಿ ತೂಗುತ್ತದೆ.

ಪಶ್ಚಿಮ ಆಫ್ರಿಕದ ಲಯದಲ್ಲಿ ಇದರ ವಿಸ್ತೃತ ರೂಪ ಕಾಣುತ್ತದೆ. ಹದಿನಾರು ಎಣಿಕೆಯಲ್ಲಿ ಮೂರು–ಮೂರು–ನಾಲ್ಕು–ಎರಡು–ನಾಲ್ಕು ಎಂಬ ಹಂಚಿಕೆ ಅಲ್ಲಿ ಸಾಮಾನ್ಯ. ಆರಂಭದ ಮೂರು–ಮೂರು ಎರಡಕ್ಕೂ ಸಮಾನ. ಹೀಗಾಗಿ ಒಂದರ ಮೇಲೆ ಇನ್ನೊಂದನ್ನು ಕೂರಿಸಿದರೆ ಕಿವಿಗೆ ಜಗ್ಗಾಟ ಅನಿಸುವುದಿಲ್ಲ.

ಆಲ್ಬಂನ ಒಳಗೆ

ಶೀರ್ಷಿಕೆಯ ನಾಲ್ಕು ಇಂಗ್ಲಿಷ್ ಅಕ್ಷರಗಳು ‘ಲೀವಿಂಗ್ ಆ್ಯನ್ ಇಂಪ್ಯಾಕ್ಟ್ ಫಾರ್ ಎಟರ್ನಿಟಿ’ ಎಂಬುದರ ಸಂಕ್ಷಿಪ್ತ ರೂಪ. ಚಿರಕಾಲ ಉಳಿಯುವ ಛಾಪು ಒತ್ತುವುದು ಎಂದರ್ಥ. ಸಂಗೀತ ಲೆರಿಕ್ ಅವರದು. ‘ಲೈಕ್ ಟು ಪಾರ್ಟಿ’, ‘ಟುನೈಟ್’, ‘ಆಲ್ವೇಸ್ ಲವ್ ಯು’, ‘ರನ್ ಮೈ ರೇಸ್’, ‘ಯಾವಾ ಡೇ’ ಎಂಬ ಐದು ಹಾಡುಗಳು ಬಿಡಿಯಾಗಿಯೂ ಬಿಡುಗಡೆಗೊಂಡವು. ಇವುಗಳಲ್ಲಿ 2012ರಲ್ಲಿ ಬಂದ ‘ಲೈಕ್ ಟು ಪಾರ್ಟಿ’ ಗಾಯಕನ ಹೆಸರನ್ನು ದೇಶದಾದ್ಯಂತ ಪಸರಿಸಿತು. ಟೂಫೇಸ್, ವಿಜ್‌ಕಿಡ್, ಎಂ.ಐ., ಟಿಮಾಯಾ, ಒಲಾಮಿಡೆ, ರೆಮಿನಿಸ್ ಅತಿಥಿ ಗಾಯಕರಾಗಿ ಪಾಲ್ಗೊಂಡಿದ್ದಾರೆ.

ಗಾಯನದಲ್ಲಿ ಡ್ಯಾನ್ಸ್‌ಹಾಲ್‌ನ ಒರಟು ಕಂಠ, ಪದಗಳನ್ನು ಎಳೆದು ತಟ್ಟನೆ ತುಂಡರಿಸುವ ಕ್ರಮ ಎದ್ದು ಕಾಣುತ್ತದೆ. ವಾದ್ಯ ಸಂಯೋಜನೆಯಲ್ಲಿ ಅಬ್ಬರ ಕಡಿಮೆ. ದನಿಗೆ ಬೇಕಾದ ಜಾಗವನ್ನು ಲೆರಿಕ್ ಉದಾರವಾಗಿ ಬಿಟ್ಟಿದ್ದಾರೆ. ಪಾರ್ಟಿಯ ಮೋಜಿನೊಡನೆ ಊರಿನ ಬದುಕು, ಛಲ, ದೈವಭಕ್ತಿಯ ಮಾತುಗಳೂ ಇವೆ. ಅಮೆರಿಕದ ಬಿಲ್‌ಬೋರ್ಡ್ ಸಂಸ್ಥೆಯ ರೆಗೆ ಆಲ್ಬಂಗಳ ಪಟ್ಟಿಯಲ್ಲಿ ಇದು 7ನೇ ಸ್ಥಾನ ತಲುಪಿತು.

ಮಾರುಕಟ್ಟೆಯ ಲೆಕ್ಕಾಚಾರ

ಅಂದು ನೈಜೀರಿಯಾದಲ್ಲಿ ಹಾಡಿನ ಸಿ.ಡಿ. ಮಾರಾಟ ಬಹುತೇಕ ಲಾಗೋಸ್‌ನ ಅಲಾಬಾ ಮಾರುಕಟ್ಟೆಯ ವ್ಯಾಪಾರಿಗಳ ಕೈಯಲ್ಲಿತ್ತು. ನಕಲಿ ಪ್ರತಿಗಳ ಹಾವಳಿಯಿಂದಾಗಿ ಪ್ರತಿ ಸಿ.ಡಿ.ಗೆ ಇಷ್ಟೆಂದು ಗೌರವಧನ ಎಣಿಸುವುದು ಕಷ್ಟ. ಆದ್ದರಿಂದ ಮಾರಾಟದ ಹಕ್ಕನ್ನು ಒಂದೇ ಗಂಟಿಗೆ ಕೊಟ್ಟುಬಿಡುವುದು ರೂಢಿಯಾಗಿತ್ತು. ‘ಲೈಫ್’ ಆಲ್ಬಂನ ಮಾರಾಟ ಹಕ್ಕು ಉಬಾ ಪೆಸಿಫಿಕ್ ಎಂಬ ವಿತರಣಾ ಸಂಸ್ಥೆಗೆ 1 ಕೋಟಿ ನೈರಾ ಮೊತ್ತಕ್ಕೆ ಹೋಯಿತು. ಮೊದಲ ದಿನವೇ 40,000 ಪ್ರತಿಗಳು ಮಾರಾಟವಾದವೆಂದು ವರದಿಯಾಗಿತ್ತು.

2014ರಲ್ಲಿ ಬರ್ನಾ ಬಾಯ್ ಅರಿಸ್ಟೊಕ್ರ್ಯಾಟ್ ಸಂಸ್ಥೆಯಿಂದ ಹೊರಬಂದು, 2015ರಲ್ಲಿ ‘ಸ್ಪೇಸ್‌ಶಿಪ್’ ಎಂಬ ಸ್ವಂತ ಸಂಸ್ಥೆ ಕಟ್ಟಿದರು.

ಎರವಲೋ, ಮರಳಿ ಬಂದ ಸೊತ್ತೋ?

ಆಫ್ರಿಕದ ಗಾಯಕ ಜಮೈಕಾದ ಉಚ್ಚಾರಣೆಯನ್ನು ಅನುಕರಿಸುವುದೇಕೆ ಎಂಬ ಆಕ್ಷೇಪ ಇಂಥ ಸಂಗೀತಕ್ಕೆ ಸದಾ ಎದುರಾಗುತ್ತದೆ. ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಪೋರ್ಟ್ ಹಾರ್ಕೋರ್ಟ್‌ನ ದಕ್ಷಿಣಕ್ಕಿರುವ ಬಾನಿ ಬಂದರು 18ನೇ ಶತಮಾನದಲ್ಲಿ ಗುಲಾಮರ ವ್ಯಾಪಾರದ ದೊಡ್ಡ ಕೇಂದ್ರ. 1807ರಲ್ಲಿ ಬ್ರಿಟಿಷ್ ಸಂಸತ್ತು ಈ ವ್ಯಾಪಾರವನ್ನು ನಿಷೇಧಿಸುವವರೆಗೆ ಇಲ್ಲಿಂದ ಹೊರಟ ಹಡಗುಗಳಲ್ಲಿ ಅಪಾರ ಸಂಖ್ಯೆಯ ಜನರನ್ನು ಜಮೈಕಾದ ಕಬ್ಬಿನ ತೋಟಗಳಿಗೆ ಸಾಗಿಸಲಾಯಿತು. ಅವರು ಒಯ್ಯಲು ಸಾಧ್ಯವಾದದ್ದು ನೆನಪಿನಲ್ಲಿದ್ದ ನುಡಿ ಮತ್ತು ಲಯ ಮಾತ್ರ.

ಆ ಲಯ ಎರಡು ಶತಮಾನಗಳ ಬಳಿಕ ರೇಡಿಯೊ, ಕ್ಯಾಸೆಟ್‌ಗಳ ಮೂಲಕ ಅದೇ ಕರಾವಳಿಗೆ ಮರಳಿತು. ಬಾನಿಯ ನೆರೆಯ ನಗರದ ಯುವಕ ಅದನ್ನು ಹಾಡಿದಾಗ ಕೇವಲ ಅನುಕರಣೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಮೊದಲ ಆಲ್ಬಂನಲ್ಲಿ ಅನುಕರಣೆಯ ಎಳೆ ಇಲ್ಲದಿಲ್ಲ. 2018ರ ‘ಔಟ್‌ಸೈಡ್’, 2019ರ ‘ಆಫ್ರಿಕನ್ ಜೈಂಟ್’ ಆಲ್ಬಂಗಳ ವೇಳೆಗೆ ಫೆಲಾ ಪರಂಪರೆಯ ನೆಲದ ದನಿ ಮುನ್ನೆಲೆಗೆ ಬಂತು. ಇದೇ ಹಾದಿಯಲ್ಲಿ ಪ್ಯಾಟೊರ‍್ಯಾಂಕಿಂಗ್ 2016ರಲ್ಲಿ ತಮ್ಮ ಚೊಚ್ಚಲ ಆಲ್ಬಂ ‘ಗಾಡ್ ಓವರ್ ಎವ್ರಿಥಿಂಗ್’ ಹೊರತಂದರು.

ಕೊಪ್ಪಳ ಸೀಮೆಗೆ ಏನು ಪಾಠ?

ಜಮೈಕಾದ ಸಂಗೀತ ಕೊಪ್ಪಳ ಜಿಲ್ಲೆಗೆ ತೀರ ಹೊರಗಿನದಲ್ಲ. ಹಂಪಿಯ ಎದುರು ದಡದಲ್ಲಿರುವ ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ವಿದೇಶಿ ಪ್ರವಾಸಿಗರ ತಂಗುದಾಣಗಳಿದ್ದ ಕಾಲದಲ್ಲಿ ಅಲ್ಲಿ ರೆಗೆ ಕೇಳಿಬರುತ್ತಿತ್ತು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರಲ್ಲಿ ಆ ಕಟ್ಟಡಗಳನ್ನು ತೆರವುಗೊಳಿಸಲಾಯಿತು.

ಇಂದು ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೇರಿದಂತೆ ಉತ್ತರ ಕರ್ನಾಟಕದ ಹಳ್ಳಿ ಪಟ್ಟಣಗಳಲ್ಲಿ ಮೊಳಗುವ ‘ಜಾನಪದ ಡಿಜೆ’ ಹಾಡುಗಳು ಸಣ್ಣ ಸ್ಟುಡಿಯೊಗಳಲ್ಲಿ, ಕಂಪ್ಯೂಟರ್ ತಾಳದ ಮೇಲೆ, ಸ್ಥಳೀಯ ಆಡುನುಡಿಯಲ್ಲಿ ತಯಾರಾಗುತ್ತವೆ. ರಾಜಧಾನಿಯ ಹಂಗಿಲ್ಲದೆ ಯೂಟ್ಯೂಬ್ ಮೂಲಕ ಕೇಳುಗರನ್ನು ತಲುಪುತ್ತವೆ. ಪೋರ್ಟ್ ಹಾರ್ಕೋರ್ಟ್‌ನ ಇಬ್ಬರು ಯುವಕರು ಕೈಗೊಂಡ ಕೆಲಸವೂ ಇದೇ ಬಗೆಯದು.

ವ್ಯತ್ಯಾಸವಿರುವುದು ಹಕ್ಕುಗಳ ಅರಿವಿನಲ್ಲಿ. ಹಾಡನ್ನು ಒಂದೇ ಗಂಟಿಗೆ ಮಾರಿದರೂ ಗೀತರಚನಕಾರ ಮತ್ತು ಸಂಯೋಜಕರಿಗೆ ರಾಯಧನದಲ್ಲಿ ಸಮಪಾಲು ಕೇಳುವ ಹಕ್ಕನ್ನು ಭಾರತದ ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ನೀಡಿದೆ. ಗೀತರಚನಕಾರ, ಸಂಯೋಜಕರ ಪರವಾಗಿ ಐ.ಪಿ.ಆರ್.ಎಸ್., ಗಾಯಕರ ಪರವಾಗಿ ಇಸಾಮ್ರಾ (ಹಿಂದಿನ ಇಸ್ರಾ) ಸಂಸ್ಥೆಗಳು ರಾಯಧನ ಸಂಗ್ರಹಿಸುತ್ತವೆ. ಮೊದಲ ಹಾಡಿನ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಪ್ರತಿಯೊಬ್ಬ ಯುವ ಕಲಾವಿದ ಇದನ್ನು ತಿಳಿದಿರುವುದು ಅವಶ್ಯ.

ಸಂಕ್ಷಿಪ್ತ ವಿವರ

ಆಲ್ಬಂ: ಲೈಫ್
ಗಾಯಕ: ಬರ್ನಾ ಬಾಯ್ (ಡ್ಯಾಮಿನಿ ಒಗುಲು)
ಸಂಗೀತ: ಲೆರಿಕ್
ಸಂಸ್ಥೆ: ಅರಿಸ್ಟೊಕ್ರ್ಯಾಟ್ ರೆಕಾರ್ಡ್ಸ್
ಬಿಡುಗಡೆ: 2013ರ ಆಗಸ್ಟ್ 12
ಶೈಲಿ: ಆಫ್ರೋಬೀಟ್ಸ್, ಡ್ಯಾನ್ಸ್‌ಹಾಲ್, ರೆಗೆ
ಮೊದಲು ಕೇಳಬೇಕಾದವು: ‘ಲೈಕ್ ಟು ಪಾರ್ಟಿ’, ‘ರನ್ ಮೈ ರೇಸ್’