ಎರಡನೆಯ ಕಾಗದ

ಕಳೆದ ಮಳೆಗಾಲದ ಒಂದು ರಾತ್ರಿ ದೊಡ್ಡಪ್ಪನ ಮಗಳು ಇಂಗ್ಲೆಂಡಿನಿಂದ ಫೋನ್ ಮಾಡಿದಳು. ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ಅಕ್ಕ ನರ್ಸ್. ರಾತ್ರಿ ಪಾಳಿಗೆ ಸಾಕಷ್ಟು ಜನರಿಲ್ಲ, ವಯಸ್ಸಾದವರು ಬಿದ್ದು ಪೆಟ್ಟು ಮಾಡಿಕೊಳ್ಳುತ್ತಿದ್ದಾರೆ ಎಂದು ಮೇಲಿನವರಿಗೆ ಬರೆದಿದ್ದಳಂತೆ. ಅದಾದ ಮೇಲೆ ಅವಳಿಗೇ ಕಷ್ಟದ ಪಾಳಿಗಳು ಬೀಳತೊಡಗಿದವು. “ನೀನು ಕಾರ್ಮಿಕ ಕಾನೂನಿನ ಚರಿತ್ರೆ ಓದ್ತಿದ್ದೀಯಲ್ಲ, ಹೇಳು. ಒಂದು ಸಲ ಬರೆದಿದ್ದೀನಿ. ಈಗ ನನಗೆ ಹೀಗೆ ಮಾಡ್ತಿದ್ದಾರೆ ಅಂತ ಬೇರೆ ಬರೆದು ಕೊಡಬೇಕಾ?” ನನ್ನ ಬಳಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕಿದ್ದು, ಬ್ರಿಟನ್ನಿನಲ್ಲಿ ನಾಲ್ಕೂವರೆ ವರ್ಷ ಮಾತ್ರ ಬಾಳಿದ ಒಂದು ನಿಯಮದ ಕತೆ.

ಕತೆ ಒಂದು ಹಡಗಿನಿಂದ ಶುರುವಾಗುತ್ತದೆ. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗ್ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮುಂಬಾಗಿಲು ತೆರೆದುಕೊಂಡೇ ಸಾಗಿ, ನೀರು ನುಗ್ಗಿ ಮಗುಚಿತು. 193 ಜನ ಸತ್ತರು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ತಿಳಿಸುವ ದೀಪ ಬೇಕೆಂದು ಅದೇ ಕಂಪನಿಯ ಕಪ್ತಾನರು ಮೊದಲೇ ಬರೆದು ಕೇಳಿದ್ದರು. ಅದಕ್ಕೆ ಕಚೇರಿಯಿಂದ ಬಂದದ್ದು ಕುಹಕದ ಟಿಪ್ಪಣಿಗಳು. ಕಾಗದವಿತ್ತು, ಕೇಳುವ ಕಿವಿ ಇರಲಿಲ್ಲ.

ಇಂಥ ದುರಂತಗಳ ತನಿಖೆಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂತು: ಒಳಗಿನವರಿಗೆ ಗೊತ್ತಿತ್ತು. ಸಂಸದ ರಿಚರ್ಡ್ ಶೆಪರ್ಡ್ ಖಾಸಗಿ ಮಸೂದೆ ತಂದರು. ಅದು 1998ರಲ್ಲಿ ಸಾರ್ವಜನಿಕ ಹಿತಾಸಕ್ತಿ ಬಹಿರಂಗ ಕಾಯ್ದೆಯಾಗಿ, 1999ರ ಜುಲೈ 2ರಂದು ಜಾರಿಗೆ ಬಂತು. ತಪ್ಪನ್ನು ಬಯಲು ಮಾಡಿದ ನೌಕರರನ್ನು ಕೆಲಸದಿಂದ ತೆಗೆದರೆ, ಇಲ್ಲವೇ ಕೆಲಸದಲ್ಲಿಟ್ಟುಕೊಂಡೇ ಕಾಟ ಕೊಟ್ಟರೆ, ಅವರು ಉದ್ಯೋಗ ನ್ಯಾಯಮಂಡಳಿಗೆ ಹೋಗಬಹುದಾಯಿತು.

ಆದರೆ ನ್ಯಾಯಮಂಡಳಿಗಳ ಮುಂದೆ ಎಲ್ಲ ಬಗೆಯ ದೂರುಗಳೂ ಬೆಳೆಯುತ್ತಿದ್ದವು. ಮನೆಯ ಜಗಳ ಮನೆಯಲ್ಲೇ ತೀರಲಿ ಎಂಬುದು ಸರ್ಕಾರದ ಯೋಚನೆ. 2002ರ ಉದ್ಯೋಗ ಕಾಯ್ದೆಯಲ್ಲಿ ಹೊಸ ಮೆಟ್ಟಿಲೊಂದನ್ನು ಕಟ್ಟಿದರು. 2004ರ ಅಕ್ಟೋಬರ್ 1ರಿಂದ, ಕಾಟದ ದೂರು ಕೊಡುವ ನೌಕರ ಮೊದಲು ಮಾಲೀಕನಿಗೆ ಲಿಖಿತ ಅಹವಾಲು ಕೊಟ್ಟು 28 ದಿನ ಕಾಯಬೇಕು. ಹಾಗೆ ಮಾಡದಿದ್ದರೆ ನ್ಯಾಯಮಂಡಳಿ ಆ ದೂರನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹಿಂಸೆಯ ಅಥವಾ ಮತ್ತಷ್ಟು ಕಿರುಕುಳದ ಭಯಕ್ಕೆ ಸಕಾರಣವಿದ್ದರೆ ವಿನಾಯಿತಿ ಇತ್ತು, ನಿಜ. ಉಳಿದವರಿಗೆ ಕಾಗದವೇ ಬಾಗಿಲ ಕೀಲಿ.

ಇದನ್ನು ಓದುವಾಗ ನಾನು ಬಹಳ ಹೊತ್ತು ನಿಂತದ್ದು ಕಾಯ್ದೆಯ ಎರಡನೆಯ ಅನುಸೂಚಿಯ ಒಂದು ಚಿಕ್ಕ ಕಲಮಿನ ಬಳಿ. ತಪ್ಪನ್ನು ಬಯಲು ಮಾಡಿದ ಪತ್ರವೇ ಅಹವಾಲೂ ಆಗಬೇಕಾದರೆ, ಅದರಲ್ಲಿರುವ ವಿಷಯ ಅಹವಾಲಾಗಿ ಎತ್ತಬಹುದಾದದ್ದಾಗಿರಬೇಕು. ಬರೆದವರ ಉದ್ದೇಶವೂ ಅದೇ ಆಗಿರಬೇಕು. ಅಂದರೆ ‘ಹಡಗಿನ ಬಾಗಿಲು ತೆರೆದಿದೆ’ ಎಂದು ಬರೆದ ಕಾಗದ ಸಾಲದು. ‘ಹಾಗೆ ಹೇಳಿದ್ದಕ್ಕೆ ನನಗೆ ಹೀಗಾಗುತ್ತಿದೆ’ ಎಂಬ ಎರಡನೆಯ ಕಾಗದ ಬೇಕು, ಅದೂ ಕಾಟ ಕೊಡುತ್ತಿರುವವರ ಮೇಜಿಗೇ.

ಈ ಭೇದಕ್ಕೆ ತರ್ಕವಿಲ್ಲವೆಂದಲ್ಲ. ಹಡಗಿನ ಬಾಗಿಲು ಎಲ್ಲರ ವಿಷಯ, ಪಾಳಿಯ ಕಾಟ ಒಬ್ಬರ ವಿಷಯ. ಆದರೆ ಪರರಿಗಾಗಿ ಬಾಯಿ ತೆರೆದವರಿಗೆ ತಮಗಾಗಿ ಬರೆಯುವುದು ಸುಲಭವಲ್ಲ. ತನ್ನ ಹೆಸರೆತ್ತಿದ ಕೂಡಲೇ ‘ಇವಳಿಗೆ ಸ್ವಂತ ದ್ವೇಷ’ ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ.

ನಿಯಮ ಬೇಗನೆ ಸಡಿಲವಾಯಿತು. ಒಂದು ವೈದ್ಯಕೀಯ ಕೇಂದ್ರದ ನೌಕರೆ ತನ್ನ ದೂರುಗಳನ್ನು ರಾಜೀನಾಮೆ ಪತ್ರದಲ್ಲೇ ಬರೆದಿದ್ದರು. ಅದೂ ಅಹವಾಲೇ, ‘ಅಹವಾಲು’ ಎಂಬ ಪದ ಬಳಸಬೇಕಾಗಿಲ್ಲ ಎಂದು ಮೇಲ್ಮನವಿ ನ್ಯಾಯಮಂಡಳಿ ಹೇಳಿತು. ಆದರೂ ಯಾವುದು ಅಹವಾಲು, ಯಾವುದು ಅಲ್ಲ ಎಂಬ ವಾದವೇ ಪ್ರಕರಣಗಳನ್ನು ತಿನ್ನತೊಡಗಿತು. ಸರ್ಕಾರವೇ ನೇಮಿಸಿದ ಮೈಕೆಲ್ ಗಿಬ್ಬನ್ಸ್ 2007ರ ಮಾರ್ಚ್‌ನಲ್ಲಿ ವರದಿ ಕೊಟ್ಟು, ಈ ವ್ಯವಸ್ಥೆಯನ್ನು ಪೂರ್ತಿ ತೆಗೆದುಹಾಕಿ ಎಂದರು. ಜಗಳ ತಣಿಸಲು ಬಂದ ಕಾಗದ ಸಣ್ಣ ಮನಸ್ತಾಪಗಳನ್ನೂ ವಿಧಿವತ್ತಾದ ವ್ಯಾಜ್ಯ ಮಾಡಿತ್ತು. 2009ರ ಏಪ್ರಿಲ್ 6ರಂದು ನಿಯಮ ರದ್ದಾಯಿತು.

ಅದರ ನೆರಳು ಮಾತ್ರ ಉಳಿದಿದೆ. ಇಂದು ಅಹವಾಲು ಬರೆಯದಿದ್ದರೂ ನ್ಯಾಯಮಂಡಳಿಯ ಬಾಗಿಲು ಮುಚ್ಚುವುದಿಲ್ಲ. ಆದರೆ ಅಕಾಸ್ ಸಂಸ್ಥೆಯ ನೀತಿಸಂಹಿತೆಯನ್ನು ಸಕಾರಣವಿಲ್ಲದೆ ಮೀರಿದರೆ, ಗೆದ್ದ ನೌಕರರ ಪರಿಹಾರದಲ್ಲಿ ಶೇಕಡಾ 25ರವರೆಗೆ ಕಡಿತವಾಗಬಹುದು. ಮಾಲೀಕ ಮೀರಿದರೆ ಅಷ್ಟೇ ಹೆಚ್ಚಬಹುದು.

ಅಕ್ಕನಿಗೆ ಇಷ್ಟನ್ನೂ ಹೇಳಿ, “ಕಡ್ಡಾಯ ಅಲ್ಲ, ಆದರೂ ಬರಿ. ಅಲ್ಲಿನ ಸಂಘದವರನ್ನೂ ಕೇಳು, ದಿನಗಳ ಗಡುವು ಇರುತ್ತೆ” ಅಂದೆ. ಎರಡು ದಿನ ಬಿಟ್ಟು ಕರಡು ಕಳಿಸಿದಳು. ಎರಡು ಪುಟ. ಯಾವ ಕೋಣೆಯ ಅಜ್ಜಿ ಯಾವ ರಾತ್ರಿ ಬಿದ್ದರು, ಕರೆಗಂಟೆ ಎಷ್ಟು ಹೊತ್ತು ಬಾರಿಸಿತು, ಎಲ್ಲ ಇತ್ತು. ತನ್ನ ಬಗ್ಗೆ ಕೊನೆಯಲ್ಲಿ ಒಂದೇ ಸಾಲು.

“ಅಕ್ಕಾ, ಇದು ಮತ್ತೆ ಮೊದಲನೆಯ ಕಾಗದವೇ ಆಯ್ತಲ್ಲ. ನಿನ್ನದೆಲ್ಲಿ?” ಅಂದೆ.

“ನನ್ನದು ಬರೆಯೋಕೆ ನಾಚಿಕೆ ಆಗುತ್ತೆ ಕಣೇ” ಅಂದಳು.

ಆ ರಾತ್ರಿ ಫೋನಿನಲ್ಲೇ ಇಬ್ಬರೂ ಕೂತು, ಆ ಕೊನೆಯ ಸಾಲಿನಿಂದ ಶುರುಮಾಡಿ ಎರಡನೆಯ ಕಾಗದ ಬರೆದೆವು.